ಕರಿ ಕಾಯಿಯ ಹರಕೆ

ಗಂಗಾವತಿಯಲ್ಲಿ ಸುಳ್ಳು ಹೇಳುವವರಿಗೆ ಬರವಿಲ್ಲ. ಆದರೆ ಹೇಳಿದ ಸುಳ್ಳಿಗೆ ಹೊಟ್ಟೆ ಕೆಡಿಸಿಕೊಳ್ಳುವವನು ನಮ್ಮ ಓಣಿಯ ಪ್ರಭುರಾಜ ಒಬ್ಬನೇ. ರೈಸ್ ಮಿಲ್ಲಿನಲ್ಲಿ ಗುಮಾಸ್ತ. ಲಾರಿ ಒಳಗೆ ಬಂದರೆ ತೂಕ ಬರೆಯುತ್ತಾನೆ, ಹೊರಗೆ ಹೋದರೆ ಮತ್ತೆ ಬರೆಯುತ್ತಾನೆ, ನಡುವೆ ಬರೆದದ್ದು ಸರಿಯೋ ತಪ್ಪೋ ಎಂದು ಚಿಂತೆ ಮಾಡುತ್ತಾನೆ. ಇಂಥವನು ಚೆಸ್ ಚಾಂಪಿಯನ್ ಎನಿಸಿಕೊಂಡದ್ದನ್ನು ಕಣ್ಣಾರೆ ಕಂಡವನು ನಾನು, ಸುಭಾಷ್, ಅವನ ಎದುರುಮನೆಯವನು. ನನ್ನದು ಗಡಿಯಾರ ರಿಪೇರಿ ಅಂಗಡಿ. ಈಗ ಯಾರೂ ಗಡಿಯಾರ ರಿಪೇರಿ ಮಾಡಿಸುವುದಿಲ್ಲವಾದ್ದರಿಂದ ನನ್ನ ಹತ್ತಿರ ಸಮಯಕ್ಕೆ ಕೊರತೆಯಿಲ್ಲ.

ಪ್ರಭುರಾಜನಿಗೆ ಒಬ್ಬಳೇ ಮಗಳು, ಭವಾನಿ. ಕುಷ್ಟಗಿಯ ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತಾಳೆ. ಅಲ್ಲೇ ಇತಿಹಾಸ ಕಲಿಸುವ ಶರಣಕುಮಾರ ಅವಳಿಗೆ ಒಪ್ಪಿಗೆ, ಅವನಿಗೆ ಅವಳು ಒಪ್ಪಿಗೆ, ನಮ್ಮ ಓಣಿಗೆಲ್ಲ ಇಬ್ಬರೂ ಒಪ್ಪಿಗೆ. ಒಪ್ಪಬೇಕಾದವರು ಒಬ್ಬರೇ ಉಳಿದಿದ್ದರು: ಹುಡುಗನ ಅಪ್ಪ, ಕೊಪ್ಪಳದ ಗೊಬ್ಬರದ ಅಂಗಡಿಯ ಕೊಟ್ರಪ್ಪನವರು. ಮಾತು ಕಡಿಮೆ, ಮೀಸೆ ಜಾಸ್ತಿ. ಹೂಂ ಎಂದಿರಲಿಲ್ಲ, ಊಹೂಂ ಎಂದೂ ಅಂದಿರಲಿಲ್ಲ. ಮನೆ ನೋಡಿ ಹೇಳುತ್ತೇನೆ ಎಂದು ಒಂದು ಭಾನುವಾರ ಬಂದರು.

ಬಂದವರು ಗೋಡೆ ನೋಡಿದರು, ಛತ್ತು ನೋಡಿದರು, ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದರು. ಎದುರಿಗೆ ಕುಳಿತ ಪ್ರಭುರಾಜ ಮಿರ್ಚಿಯ ತಟ್ಟೆಯನ್ನು ಮೂರು ಸಲ ಅವರತ್ತ ಸರಿಸಿದ. ಕಡೆಗೆ ಕೊಟ್ರಪ್ಪನವರ ಕಣ್ಣು ಶೋಕೇಸಿನಲ್ಲಿದ್ದ ಶೀಲ್ಡಿನ ಮೇಲೆ ಬಿತ್ತು.

"ಅದು ಯಾತರದ್ದು?"

ಅದು ಪ್ರಭುರಾಜನ ಹೆಂಡತಿ ಲಲಿತಾ ರಂಗೋಲಿ ಸ್ಪರ್ಧೆಯಲ್ಲಿ ಗೆದ್ದದ್ದು. ಅಕ್ಷರ ಅಳಿಸಿಹೋಗಿ ಹಿತ್ತಾಳೆಯಷ್ಟೇ ಉಳಿದಿತ್ತು. ಲಲಿತಾ ಬಾಯಿ ತೆರೆಯುವಷ್ಟರಲ್ಲಿ ಗಂಡ ತೆರೆದುಬಿಟ್ಟ.

"ಚೆಸ್ಸಿಂದ್ರಿ."

ಕೊಟ್ರಪ್ಪನವರಿಗೆ ಚೆಸ್ ಎಂದರೆ ಪ್ರಾಣ ಎಂದು ಭವಾನಿ ಹಿಂದಿನ ದಿನವಷ್ಟೇ ಅಪ್ಪನಿಗೆ ಹೇಳಿದ್ದಳು. ಆ ವಿಷಯ ಬಂದಾಗ ಅಪ್ಪ ಸುಮ್ಮನಿರಲಿ ಎಂದೇ ಹೇಳಿದ್ದಳು.

ಮೀಸೆ ಮೇಲೆದ್ದಿತು. "ನೀವು ಆಡ್ತೀರಿ?"

"ಏನೋ ಸ್ವಲ್ಪ್ರೀ."

"ಶೀಲ್ಡ್ ಕೊಟ್ಟಾರಂದ್ರ ಸ್ವಲ್ಪ ಹೆಂಗಾಗತೈತಿ? ಎಂಥಾ ಆಟ ನಿಮ್ದು? ಮುಂದ ಹೋಗಿ ಹೊಡಿಯೋದೋ, ಕುಂತು ಕಾಯೋದೋ?"

"ಕುಂತು ಕಾಯೋರ್ರೀ ನಾವು," ಎಂದ ಪ್ರಭುರಾಜ. ಅಂದು ಅವನು ಆಡಿದ ನಿಜ ಅದೊಂದೇ.

"ಛಲೋ ಆತು. ಬರೋ ತಿಂಗಳು ಕೊಪ್ಪಳದಾಗ ಟೂರ್ನಮೆಂಟ್ ಐತಿ. ಐವತ್ತು ದಾಟಿದವರದು ಬ್ಯಾರೆ ನಡೀತೈತಿ. ನಿಮ್ಮ ಹೆಸರು ನಾನ ಕೊಡ್ತೀನಿ. ಆಟ ನೋಡಿದ್ರ ಮನಶ್ಯಾ ಗೊತ್ತಾಗತಾನ. ಉಳದ ಮಾತು ಆಮ್ಯಾಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳಿದ್ದಾರೆ. ಅತಿಥಿಗಳು ಹೋದ ಮೇಲೆ ಲಲಿತಾ ಶೀಲ್ಡನ್ನು ಸೆರಗಿನಿಂದ ಒರೆಸಿ, "ನನ್ನ ಚುಕ್ಕಿ ರಂಗೋಲಿ ನಿಮಗ ಚೆಸ್ ಮಣಿ ಕಂಡಂಗ ಕಂಡ್ತೇನ್ರೀ," ಎಂದಳು. ಭವಾನಿ ಬೈಯಲಿಲ್ಲ. "ಅಪ್ಪಾ, ನನಗ ಬ್ಯಾರೆ ಹುಡುಗ ಬ್ಯಾಡ. ಇದೊಂದು ಮುರೀಬಾರದು," ಎಂದಳು, ಅಷ್ಟೇ. ಬೈದಿದ್ದರೆ ಅವನು ಉಂಡು ಮಲಗುತ್ತಿದ್ದ. ಈ ಮಾತಿಗೆ ತಟ್ಟೆ ಬಿಟ್ಟು ಎದ್ದ.

ಮರುದಿನ ನಾನು ಅಂಗಡಿ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕುಳಿತಿದ್ದ.

"ಸುಭಾಷಣ್ಣಾ, ನಿಮಗ ಚೆಸ್ ಬರತೈತಲ್ಲ? ಕಲಸ್ರಿ. ಇಲ್ಲಂದ್ರ ಕಾಲುವಿ ದಾರಿ ತೋರಿಸ್ರಿ."

ಕಲಿಸಿದೆ. ಮಣೆ ನನ್ನದು, ಆದ್ದರಿಂದ ಬಿಳಿ ಕಾಯಿ ನನ್ನದು. ಇದು ನನ್ನ ಅಂಗಡಿಯ ಹಳೇ ಕಾನೂನು. ಹೀಗಾಗಿ ಪ್ರಭುರಾಜನ ಪಾಲಿಗೆ ಕರಿ ಬಂತು. ಕರಿಯವರಿಗೆಂದು ನನಗೆ ಗೊತ್ತಿರುವುದೇ ಒಂದು, ಕ್ಲಾಸಿಕಲ್ ಡಿಫೆನ್ಸ್. ರಾಜನ ಮುಂದಿನ ಪ್ಯಾದೆ ಒಂದೇ ಮನೆ ಸರಿಯಬೇಕು, ಪಕ್ಕದ ಪ್ಯಾದೆ ಎರಡು ಮನೆ ಹೋಗಿ ಎದುರಿನವರ ದಾರಿಗೆ ಅಡ್ಡ ನಿಲ್ಲಬೇಕು, ಕುದುರೆ ಹೊರಗೆ ಬರಬೇಕು, ಒಂಟೆ ಒಂದು ಹೆಜ್ಜೆ ಇಟ್ಟು ನಿಲ್ಲಬೇಕು, ರಾಜ ಮೂಲೆ ಸೇರಬೇಕು. ಆಮೇಲೆ ಅಗಳಿ ಹಾಕಿಕೊಂಡು ಒಳಗೆ ಕೂತು, ಹೊರಗೆ ಯಾರು ಬಾಗಿಲು ಬಡಿದರೂ ಮಾತಾಡಬಾರದು. ಪ್ರಭುರಾಜನ ಸ್ವಭಾವಕ್ಕೆ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತಿತ್ತು. ಚಕ್ಕನೆ ಕಲಿತ.

ಆಮೇಲೆ ಮಣೆ ತಿರುಗಿಸಿ ಬಿಳಿ ಕೊಟ್ಟೆ. ಅವನು ಕಾಯಿಗಳನ್ನು ನೋಡುತ್ತ ಕುಳಿತ.

"ನಡಸು," ಎಂದೆ.

"ಮೊದಲ ನಾನ ಶುರು ಮಾಡಬೇಕೇನ್ರಿ? ಯಾಕ? ಅವರು ನನಗೇನೂ ಮಾಡಿಲ್ಲಲ್ಲ."

ಬಡಿದಾಡಿ ಬಿಳಿ ಕಲಿಸಿದೆ. ಸಂಜೆಗೆ ನೋಡಿದರೆ ಬಿಳಿ ಅರ್ಧ ಬಂದಿತ್ತು, ಕರಿ ಪೂರ್ತಿ ಹೋಗಿತ್ತು. ಆ ತಲೆಯಲ್ಲಿ ಒಂದಕ್ಕೇ ಜಾಗವೆಂದು ಆಗ ತಿಳಿಯಿತು. ಬಿಳಿಯನ್ನು ಹೊರಗೆ ಹಾಕಿ ಮತ್ತೆ ಕರಿಯನ್ನೇ ತುಂಬಿದೆ. ಟೂರ್ನಮೆಂಟಿನಲ್ಲಿ ಕರಿ ಬಂದರೆ ಬದುಕಿದ, ಬಿಳಿ ಬಂದರೆ ಸತ್ತ. ಮನೆಯಲ್ಲಿ ಮಾತ್ರ ಆಟ ಪೂರ್ತಿ ಕಲಿತೆನೆಂದು ಇನ್ನೊಂದು ಸುಳ್ಳು ಹೇಳಿದ್ದ, ಮಗಳು ನೆಮ್ಮದಿಯಿಂದ ಉಣ್ಣಲಿ ಎಂದು. ಅವಳು ಉಂಡಳು. ಇವನು ಬಿಟ್ಟ.

ತಮ್ಮ ಸೊರಗಿದ ಸುದ್ದಿ ನವಲಿ ಹಳ್ಳಿಗೆ ಮುಟ್ಟಿ, ಅಲ್ಲಿದ್ದ ಅವನ ಅಕ್ಕ ಹಂಪವ್ವ ಬಸ್ಸು ಹತ್ತಿ ಬಂದಳು. ಹಂಪವ್ವ ಎಂದರೆ ಸಾಮಾನ್ಯಳಲ್ಲ. ಗದ್ದೆಗೆ ನೀರು ಬಿಡುವ ಕಾಲುವೆಯ ಮಂದಿಯೂ ಅವಳ ದನಿ ಕೇಳಿದರೆ ಮೊದಲು ಅವಳ ಗದ್ದೆಗೇ ಬಿಡುತ್ತಾರೆ.

"ಯಾಕೋ ಪ್ರಭು, ಮಾರಿ ಯಾಕ ಹಿಂಗಾಗೇತಿ?"

ಇವನು ಪೂರ್ತಿ ಹೇಳುವಂತಿಲ್ಲ, ಪೂರ್ತಿ ಮುಚ್ಚುವಂತಿಲ್ಲ. "ಬಣ್ಣದ ಚಿಂತಿ ಅಕ್ಕಾ. ಕೊಪ್ಪಳದಾಗ ನನ್ನ ಪಾಲಿಗೆ ಕರಿ ಕಾಯಿ ಬರತೈತೋ, ಬಿಳಿ ಬರತೈತೋ," ಎಂದ.

"ಕರಿ? ಮದವಿ ಮಾತಿಗೆ ಹೋಗಿ ಕರೇದು ಮುಟ್ಟೋದೇನು? ಕರಿ ಸೀರಿ ಉಟ್ಟು ಯಾರರ ಅಕ್ಕಿಕಾಳು ಹಾಕ್ಯಾರೇನು?" ಹಂಪವ್ವ ಎದ್ದು ನಿಂತಳು. "ನೀ ಅಂಜಬ್ಯಾಡ. ಬಿಳಿ ಬಂದ್ರ ಉಡಿ ತುಂಬತೀನಿ ಅಂತ ಹುಲಿಗೆಮ್ಮಗ ನಾಳಿ ಮಂಗಳವಾರ ಹೇಳ್ಕೊಂಡು ಬರ್ತೀನಿ. ಆಕಿ ನನ್ನ ಮಾತು ಎಂದೂ ತೆಗೆದಿಲ್ಲ."

ಪ್ರಭುರಾಜ ನನ್ನ ಅಂಗಡಿಗೆ ಓಡಿ ಬಂದ.

"ಸುಭಾಷಣ್ಣಾ, ಕೆಲಸ ಕೆಟ್ತು. ಅಕ್ಕ ಬೇಡಿದ್ದು ಹುಲಿಗೆಮ್ಮ ಇಲ್ಲಂದಿದ್ದು ನಾ ಕಂಡಿಲ್ಲ. ಬೋರಿಗೆ ನೀರು ಕೇಳಿದ್ಲು, ಕೊಟ್ಳು. ಮೊಮ್ಮಗನ್ನ ಕೇಳಿದ್ಲು, ಅವಳಿಜವಳಿ ಕೊಟ್ಳು. ಈಗ ಬಿಳಿ ಕೇಳಾಕ ಹೊಂಟಾಳ."

"ನೀನೂ ಹೋಗು. ಕರಿ ಕೇಳು," ಎಂದೆ. ಸುಮ್ಮನೆ ಅಂದ ಮಾತು. ಅವನು ಅದನ್ನೇ ಹಿಡಿದು ನನ್ನನ್ನೂ ಎಳೆದುಕೊಂಡು ಹೊರಟ.

ಮಂಗಳವಾರ ಹುಲಿಗಿಯ ದೇವಿಯ ಗುಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊಳೆಯಲ್ಲಿ ಮುಳುಗಿ, ಒದ್ದೆ ಪಂಚೆಯಲ್ಲೇ ಸರತಿಯಲ್ಲಿ ನಿಂತು ಪ್ರಭುರಾಜ ಗರ್ಭಗುಡಿಯ ಮುಂದೆ ಬಂದ. ಕಣ್ಣು ಮುಚ್ಚಿ ಮೆಲ್ಲಗೆ, "ತಾಯಿ, ಕರಿ ಬರಲಿ. ಕರಿ ಬಂದ್ರ ದೀಡ ನಮಸ್ಕಾರ ಹಾಕ್ತೀನಿ," ಎಂದ. ಪೂಜಾರಿ ಕುಂಕುಮದ ಕೈಯನ್ನು ಅಲ್ಲೇ ನಿಲ್ಲಿಸಿ ಇವನ ಮುಖ ನೋಡಿದ. ಮಳೆ ಬೇಡುವವರನ್ನು ಕಂಡಿದ್ದ, ಮಕ್ಕಳನ್ನು ಬೇಡುವವರನ್ನು ಕಂಡಿದ್ದ, ಕರಿ ಬೇಡುವವನನ್ನು ಕಂಡಿರಲಿಲ್ಲ.

"ಏನು ಬರಲಿ ಅಂದ್ರಿ?" ಎಂದು ಪೂಜಾರಿ ಕೇಳುವುದಕ್ಕೂ ಹಿಂದಿನಿಂದ ಒಂದು ಕೈ ಪ್ರಭುರಾಜನ ಹೆಗಲ ಮೇಲೆ ಬೀಳುವುದಕ್ಕೂ ಸರಿಹೋಯಿತು. ನೋಡಿದರೆ ಹಂಪವ್ವ.

"ನೀನೂ ಬಂದಿ? ಭಾಳ ಛಲೋ ಆತು. ಏನು ಕೇಳ್ಕೊಂಡಿ?"

"ಅದ... ನೀ ಕೇಳಾಕ ಬಂದದ್ದು."

"ಮನಸಿನಾಗ ಅಂದ್ರ ಸಾಲದು. ಗಟ್ಟಿ ಹೇಳು. ಬಿಳಿ ಬರಲಿ ಅನ್ನು."

ಹಿಂದೆ ಜನ ನೂಕುತ್ತಿದ್ದರು. ಪೂಜಾರಿ ಕಾಯುತ್ತಿದ್ದ. ಪ್ರಭುರಾಜ ದೇವಿಯ ಕಡೆ ನೋಡಿದ, ಅಕ್ಕನ ಕಡೆ ನೋಡಿದ. ಇಬ್ಬರಲ್ಲಿ ಅಕ್ಕನೇ ಹತ್ತಿರವಿದ್ದಳು. "ಬಿಳಿ ಬರಲಿ," ಎಂದು ಗಟ್ಟಿಯಾಗಿ ಹೇಳಿದ. ಆಮೇಲೆ ಹೊಳೆಯ ಮೆಟ್ಟಿಲ ಮೇಲೆ ಕುಳಿತು, "ಎರಡರಾಗ ಯಾವುದನ್ನ ಕೇಳಿಸ್ಕೊಂಡಿರ್ತಾಳ್ರೀ?" ಎಂದು ನನ್ನನ್ನು ಕೇಳಿದ. ನಾನು ಗಡಿಯಾರದವನು, ನನಗೇನು ಗೊತ್ತು ಎಂದೆ.

ದೇವರು ಒಂದು ಕಡೆಯಾದರೆ ಮನುಷ್ಯರು ಇನ್ನೊಂದು ಕಡೆ. ಪ್ರಭುರಾಜನಿಗೆ ಬಿಳಿ ಬೇಕೆಂಬ ಸುದ್ದಿ ಹಂಪವ್ವನ ಬಾಯಿಂದ ಮಿಲ್ಲಿಗೂ ಮುಟ್ಟಿತ್ತು. ಮಿಲ್ಲಿನ ಗಾಡಿ ಓಡಿಸುವ ಹುಲಿಗೆಪ್ಪ ಒಂದು ದಿನ ಗುಟ್ಟಾಗಿ ಬಂದು, "ಕೊಪ್ಪಳದಾಗ ಆಟ ನಡಿಯೋ ಹಾಲಿನ ವಾಚ್‌ಮನ್ ನನ್ನ ಷಡ್ಡಕ ಅದಾನ್ರಿ. ಚೆಸ್ ಮಣಿ ಹಾಸಿ ಕಾಯಿ ಇಡೋದು ಅವನ. ನಿಮ್ಮ ಮುಂದ ಬಿಳಿ ಇಡಸ್ತೀನಿ, ನೀವು ಆರಾಮ ಇರ್ರಿ," ಎಂದ. ಬೇಡವೆಂದರೆ ಯಾಕೆ ಎನ್ನುತ್ತಾನೆ. ಪ್ರಭುರಾಜ ಅವನ ಕೈ ಹಿಡಿದು ಉಪಕಾರ ಆಯಿತೆಂದು ಹೇಳಿ, ಒಳಗೆ ಹೋಗಿ ಒಂದು ಲಾರಿಯ ತೂಕವನ್ನು ಇನ್ನೊಂದು ಲಾರಿಗೆ ಬರೆದ.

ಆಟದ ದಿನ ಹುಲಿಗೆಪ್ಪನ ಗಾಡಿಯಲ್ಲೇ ಹೊರಟೆವು. ಪ್ರಭುರಾಜ, ಲಲಿತಾ, ಭವಾನಿ, ಹಂಪವ್ವ, ನಾನು. ದಾರಿಯುದ್ದಕ್ಕೂ ಹಂಪವ್ವ ಕರಿ ಎಮ್ಮೆ ಕಂಡರೆ ತಮ್ಮನ ಕಣ್ಣು ಮುಚ್ಚುತ್ತಿದ್ದಳು. ಈ ಭಾಗದಲ್ಲಿ ಎಮ್ಮೆಗಳಿಗೇನು ಕಡಿಮೆ, ಅವನು ಹೆಚ್ಚು ಕಡಿಮೆ ಕುರುಡನಾಗಿಯೇ ಕೊಪ್ಪಳ ಮುಟ್ಟಿದ.

ಆಟದ ಹಾಲಿನಲ್ಲಿ ಯಾರಿಗೆ ಯಾರು ಎದುರಾಳಿ ಎಂದು ಚೀಟಿ ಎತ್ತುತ್ತಿದ್ದರು. ತೀರ್ಪುಗಾರರು ಹಸೀನಾಬೇಗಂ ಎಂಬ ಮೇಡಂ. ಮೂಗಿನ ತುದಿಯ ಮೇಲೆ ಕನ್ನಡಕ, ಮುಖದ ಮೇಲೆ ಕಾನೂನು. ಚೀಟಿ ಬಿಚ್ಚಿ ಓದಿದರು: ಗಂಗಾವತಿಯ ಪ್ರಭುರಾಜ ಅವರಿಗೆ ಎದುರಾಳಿ ಕೊಪ್ಪಳದ ಕೊಟ್ರಪ್ಪ ಅವರು.

ನಮ್ಮ ಕಡೆಯ ಹೆಂಗಸರಲ್ಲಿ ಗುಸುಗುಸು ಎದ್ದಿತು. ಹೆಣ್ಣಿನ ಕಡೆಯವರು ಗಂಡಿನ ಕಡೆಯವರಿಗಿಂತ ಮೊದಲು ಎಲೆ ಬಿಟ್ಟು ಏಳುವುದು ಕೂಡ ನಮ್ಮಲ್ಲಿ ಬೇಸರಕ್ಕೆ ಕಾರಣ. ಬೀಗನಾಗುವವನನ್ನು ನಾಲ್ಕು ಜನರ ಮುಂದೆ ಸೋಲಿಸಿದರೆ ಸಂಬಂಧ ಉಳಿಯುತ್ತದೆಯೇ? ಲಲಿತಾ ಗಂಡನ ಹತ್ತಿರ ಹೋಗಿ ಅಂಗಿಯ ಗುಂಡಿ ಸರಿಮಾಡುವ ನೆಪದಲ್ಲಿ, "ಸೋಲ್ರಿ. ಆದ್ರ ಲಗೂನ ಸೋಲಬ್ಯಾಡ್ರಿ, ಶೀಲ್ಡಿನ ಮರ್ಯಾದಿ ಉಳಿಲಿ," ಎಂದಳು. ಒಬ್ಬ ಬಡಪಾಯಿಯ ಮೇಲೆ ಎಷ್ಟು ಹೊರೆ ಹೊರಿಸಬಹುದು ಎಂಬುದಕ್ಕೂ ಒಂದು ಮಿತಿ ಇರಬೇಕು.

ವಾಚ್‌ಮನ್ ಷಡ್ಡಕ ಮಾತಿಗೆ ತಪ್ಪಿರಲಿಲ್ಲ. ಪ್ರಭುರಾಜನ ಕುರ್ಚಿಯ ಮುಂದೆ ಬಿಳಿ ಕಾಯಿಗಳು ಸಾಲಾಗಿ ನಿಂತಿದ್ದವು. ಅದನ್ನು ಕಂಡು ಇವನು ಕುರ್ಚಿಯ ಹಿಡಿಕೆ ಹಿಡಿದುಕೊಂಡ. ಅಷ್ಟರಲ್ಲಿ ಕೊಟ್ರಪ್ಪನವರು ಬಂದು, ದೊಡ್ಡ ಮನಸ್ಸು ಮಾಡಿ, "ಇರಲಿ ಬಿಡ್ರಿ. ನಮ್ಮೂರಿಗೆ ಬಂದಾರ, ಬಿಳಿ ಅವರ ಆಡಲಿ," ಎಂದರು. ಹಂಪವ್ವ ಕೈಮುಗಿದಳು. ಹುಲಿಗೆಪ್ಪ ನನಗೆ ಕಣ್ಣು ಹೊಡೆದ. ಪ್ರಭುರಾಜ ಬಾಗಿಲು ಎಲ್ಲಿದೆ ಎಂದು ನೋಡಿದ.

"ಯಾರ ಖುಷಿಗೂ ಬಣ್ಣ ಕೊಡಾಕ ಬರಂಗಿಲ್ರಿ," ಎಂದರು ಹಸೀನಾಬೇಗಂ. "ಮಣಿ ಹಾಸಿದವರು ಯಾರು? ಕಾಯಿ ತೆಗೀರಿ." ಒಂದು ಬಿಳಿ, ಒಂದು ಕರಿ ಪ್ಯಾದೆಯನ್ನು ಬೆನ್ನ ಹಿಂದೆ ಒಯ್ದು, ಎರಡು ಮುಷ್ಟಿ ಮುಂದೆ ಚಾಚಿದರು. "ಒಂದು ಮುಟ್ರಿ."

ಪ್ರಭುರಾಜ ಎಡ ಮುಷ್ಟಿಯತ್ತ ಕೈ ಚಾಚಿದ, ಹಿಂದೆಗೆದ, ಬಲಕ್ಕೆ ಒಯ್ದ, ಮತ್ತೆ ಎಡಕ್ಕೆ ಬಂದ. ಮೇಡಂ ಕೈ ನೋಯುತ್ತದೆ ಎಂದ ಮೇಲೆ ಕಣ್ಣು ಮುಚ್ಚಿ ಮುಟ್ಟಿದ. ಮುಷ್ಟಿ ಬಿಚ್ಚಿತು. ಕರಿ.

ಹಂಪವ್ವ ಅಲ್ಲೇ ಬೆಂಚಿನ ಮೇಲೆ ಕುಸಿದು ಕುಳಿತಳು. ಲಲಿತಾ ಅವಳಿಗೆ ಸೆರಗಿನಿಂದ ಗಾಳಿ ಹಾಕಿದಳು. ಪ್ರಭುರಾಜನ ಮುಖದಲ್ಲಿ ಮಾತ್ರ ತಿಂಗಳಿಂದ ಕಾಣದ ನಗು ಅರಳಿತು. ಅದನ್ನು ಕಂಡ ಕೊಟ್ರಪ್ಪನವರ ಮೀಸೆ ಸ್ವಲ್ಪ ಇಳಿಯಿತು. ಕರಿ ಬಂತೆಂದು ನಗುವವನು ಸಾಧಾರಣದವನಲ್ಲ ಎಂದು ಅವರು ಎಣಿಸಿದಂತಿತ್ತು.

ಕೊಟ್ರಪ್ಪನವರ ಆಟದ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಅವರು ಆಡುವುದು ತಮ್ಮ ಅಂಗಡಿಯ ಮುಂದಿನ ಕಟ್ಟೆಯ ಮೇಲೆ. ಎದುರಿಗೆ ಕೂರುವವರೆಲ್ಲ ರೈತರು. ಯೂರಿಯಾ ಸಿಗದ ಹಂಗಾಮಿನಲ್ಲಿ ಯೂರಿಯಾ ಮಾರುವವರನ್ನು ಸೋಲಿಸುವ ರೈತ ಇನ್ನೂ ಹುಟ್ಟಿಲ್ಲ. ಹೀಗೆ ಅವರು ಸೋಲದ ಆಟಗಾರರಾಗಿದ್ದರು.

ಆಟ ಶುರುವಾಯಿತು. ಕೊಟ್ರಪ್ಪನವರು ರಾಜನ ಪ್ಯಾದೆಯನ್ನು ಎರಡು ಮನೆ ನೂಕಿದರು. ಪ್ರಭುರಾಜ ಒಂದು ಮನೆ ಸರಿಸಿದ. ಆಮೇಲೆ ನಾನು ಕಲಿಸಿದ್ದೆಲ್ಲ ಒಂದೂ ಬಿಡದೆ ಬಂತು: ಪ್ಯಾದೆ, ಕುದುರೆ, ಒಂಟೆ, ರಾಜ ಮೂಲೆಗೆ. ಅಗಳಿ ಬಿತ್ತು. ಕೊಟ್ರಪ್ಪನವರು ಬಾಗಿಲು ಬಡಿದರು, ಕಿಟಕಿ ಬಡಿದರು, ಒಳಗಿನವನು ಉಸಿರೆತ್ತಲಿಲ್ಲ. ಸುತ್ತ ನಿಂತವರು "ಕ್ಲಾಸಿಕಲ್ ಆಟ," ಎಂದು ತಲೆ ತೂಗಿದರು. ನನಗೆ ನಿಜಕ್ಕೂ ಹೆಮ್ಮೆಯಾಯಿತು.

ಆದರೆ ಪಾಠ ಅಲ್ಲಿಗೆ ಮುಗಿದಿತ್ತು. ಮುಂದೆ ಸೋಲಬೇಕಿತ್ತು, ಸೋಲುವುದನ್ನು ನಾನು ಕಲಿಸಿರಲಿಲ್ಲ. ಪ್ರಭುರಾಜ ಲಲಿತಾಳ ಮುಖ ನೋಡಿದ. ಅವಳು ಸಾಕು ಎಂಬಂತೆ ಕಣ್ಣು ಮುಚ್ಚಿ ತೆರೆದಳು. ಅವನು ತನ್ನ ವಜೀರನನ್ನು, ಇಡೀ ಸೈನ್ಯಕ್ಕೆ ಬಲವಾದ ಕಾಯಿಯನ್ನು, ಒಯ್ದು ಕೊಟ್ರಪ್ಪನವರ ಕುದುರೆಯ ಬಾಯಿಗೇ ಇಟ್ಟ.

ಕೊಟ್ರಪ್ಪನವರ ಕೈ ಕುದುರೆಯ ಮೇಲೆ ಹೋಯಿತು. ಹೋದದ್ದು ಅಲ್ಲೇ ನಿಂತಿತು. ಶೀಲ್ಡ್ ಗೆದ್ದವನು, ಕರಿ ಬಂದರೆ ನಗುವವನು, ವಜೀರನನ್ನು ಸುಮ್ಮನೆ ಕೊಡುತ್ತಾನೆಯೇ? ಅವರ ಹಣೆಯಲ್ಲಿ ಬೆವರು ಕಂಡಿತು. ಕುದುರೆಯನ್ನು ಬಿಟ್ಟು ಪಕ್ಕದ ಆನೆಗೆ ಕೈ ಹಾಕಿದರು.

"ಕುದರಿ ಮುಟ್ಟೀರಿ. ಕುದರಿನ ಆಡಬೇಕು," ಎಂದರು ಹಸೀನಾಬೇಗಂ.

"ನಮ್ಮ ಕಟ್ಟಿ ಮ್ಯಾಲ ಒಂದ್ಸಲ ತಿರುಗಿ ತೊಗೋಬಹುದ್ರಿ."

"ಇದು ಕಟ್ಟಿ ಅಲ್ರಿ."

ಪ್ರಭುರಾಜ ಎದ್ದು ನಿಂತೇಬಿಟ್ಟ. "ತೊಗೊಳ್ಳಲಿ ಬಿಡ್ರಿ ಮೇಡಂ. ನಂದೇನೂ ತಕರಾರಿಲ್ಲ. ಬೇಕಾದಷ್ಟು ಸಲ ತೊಗೊಳ್ಳಲಿ."

ಅದು ಹಾಲಿಗೆ ಹುಳಿ ಹಿಂಡಿದಂತಾಯಿತು. ಕೊಟ್ರಪ್ಪನವರು ಇವನನ್ನೊಮ್ಮೆ ದುರುಗುಟ್ಟಿ ನೋಡಿದರು. "ಯಾರ ಉಪಕಾರನೂ ಬ್ಯಾಡ," ಎಂದು, ವಜೀರನನ್ನು ತಿನ್ನದೆ, ಕುದುರೆಯನ್ನು ಎತ್ತಿ ದೂರ ಒಯ್ದು ಇಟ್ಟರು. ರಾಜನ ಮನೆಯ ಕಾವಲಿಗೆ ಇದ್ದದ್ದು ಆ ಕುದುರೆಯೊಂದೇ.

ಪ್ರಭುರಾಜನಿಗೆ ಅದೇನೂ ಕಾಣಲಿಲ್ಲ. ಕುದುರೆ ತಿನ್ನಲಿಲ್ಲ ಎಂಬುದಷ್ಟೇ ಕಂಡಿತು. ಹಾಗಾದರೆ ರಾಜನಾದರೂ ತಿನ್ನಲಿ ಎಂದು ವಜೀರನನ್ನು ಎದುರಿನ ರಾಜನ ಮಗ್ಗುಲಿಗೇ ನೂಕಿ, ಅಡ್ಡವಿದ್ದ ಪ್ಯಾದೆಯನ್ನು ತೆಗೆದಿಟ್ಟು, ಕೈಕಟ್ಟಿ ಕುಳಿತ. ಕೊಟ್ರಪ್ಪನವರು ಮಣೆಯನ್ನೇ ನೋಡುತ್ತಿದ್ದರು. ಇವನಿಗೆ ತಡೆಯಲಾಗಲಿಲ್ಲ.

"ತಿನ್ರಿ ಬೀಗರ," ಎಂದ ಮೆಲ್ಲಗೆ. "ಸಂಕೋಚ ಮಾಡ್ಕೋಬ್ಯಾಡ್ರಿ."

"ತಿನ್ನಾಕ ಬರಂಗಿಲ್ಲ," ಎಂದರು ಹಸೀನಾಬೇಗಂ. "ನಿಮ್ಮ ಒಂಟಿ ದೂರಿಂದ ವಜೀರನ್ನ ಕಾಯಾಕತ್ತೈತಿ. ರಾಜಗ ಹೋಗಾಕ ಮನಿ ಇಲ್ಲ. ಆಟ ಮುಗೀತು. ಕರಿ ಗೆದ್ದೈತಿ."

ಅದು ಮೊದಲ ದಿನ ನಾನು ಕಲಿಸಿದ ಒಂಟೆಯೇ. ಒಂದು ಹೆಜ್ಜೆ ಇಟ್ಟು ನಿಲ್ಲು ಎಂದಿದ್ದೆ, ನಡುವೆ ಕೈ ತಪ್ಪಿ ಇನ್ನೊಂದು ಹೆಜ್ಜೆ ಇಟ್ಟಿದ್ದ. ಪ್ರಭುರಾಜ ಗೆದ್ದವನಂತೆ ಕಾಣಲಿಲ್ಲ. ಮಿಲ್ಲಿಗೆ ಬೆಂಕಿ ಬಿದ್ದ ಸುದ್ದಿ ಕೇಳಿದವನಂತೆ ಕುಳಿತಿದ್ದ. ಕೊಟ್ರಪ್ಪನವರು ಎದ್ದು, ಟವೆಲು ಹೆಗಲಿಗೆ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಹೊರಗೆ ಹೋದರು.

ಭವಾನಿ ಗೋಡೆಗೆ ಒರಗಿ ನಿಂತಿದ್ದಳು. ಅವಳ ಕಣ್ಣು ತುಂಬಿದ್ದನ್ನು ಅಪ್ಪ ಕಂಡ. ಹುಟ್ಟಿದಾರಭ್ಯ ಯಾವುದಕ್ಕೂ ಮೊದಲು ಹೆಜ್ಜೆ ಇಡದ ಮನುಷ್ಯ ಅಂದು ಇಟ್ಟ. ಹೊರಗೆ ಚಹದ ಅಂಗಡಿಯ ಮುಂದೆ ನಿಂತಿದ್ದ ಕೊಟ್ರಪ್ಪನವರ ಹತ್ತಿರ ನೇರ ಹೋದ. ನಾವೆಲ್ಲ ಹಿಂದೆ.

"ಯಜಮಾನ್ರ, ಒಂದು ಮಾತು. ಆ ಶೀಲ್ಡ್ ನಂದಲ್ರಿ. ನನ್ನ ಹೆಂಡತೀದು, ರಂಗೋಲಿದು. ನನಗ ಆಟ ಬರಂಗಿಲ್ಲ. ಇವತ್ತು ಗೆದ್ದದ್ದು ಹೆಂಗ ಅಂತನೂ ಗೊತ್ತಿಲ್ಲ. ಸೋಲಬೇಕಂತ ಮಾಡಿದ್ದೆ, ಅದೂ ಬರಲಿಲ್ಲ. ಸುಳ್ಳು ನಂದು. ಅದಕ್ಕ ಹುಡುಗರನ್ನ ಶಿಕ್ಷಾ ಮಾಡಬ್ಯಾಡ್ರಿ."

ಅವನ ಮೇಲೆ ನನಗೆ ಇಷ್ಟು ಗೌರವ ಎಂದೂ ಬಂದಿರಲಿಲ್ಲ. ಕೊಟ್ರಪ್ಪನವರು ಚಹ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ಸುತ್ತಲಿದ್ದವರಿಗೆಲ್ಲ ಕೇಳುವಂತೆ ಹೇಳಿದರು:

"ನೋಡ್ರಿ, ದೊಡ್ಡ ಆಟಗಾರ್ರು ಹಿಂಗಿರ್ತಾರ. ವಜೀರನ್ನ ಎರಡು ಸಲ ಬಲಿ ಕೊಟ್ಟು ನನ್ನ ಕಟ್ಟಿ ಹಾಕ್ಯಾರ, ಈಗ ಆಟನ ಬರಂಗಿಲ್ಲ ಅಂತಾರ. ಶೀಲ್ಡ್ ಹೆಂಡತೀದು ಅಂತ ಹೆಂಡತಿಗೆ ಮರ್ಯಾದಿ ಕೊಡ್ತಾರ. ಇಂಥಾ ಮನಿ ಹೆಣ್ಣು ಬಿಟ್ಟು ಇನ್ನೆಲ್ಲಿ ಹುಡುಕಲಿ?"

"ಖರೇನ ಬರಂಗಿಲ್ರಿ," ಎಂದ ಪ್ರಭುರಾಜ.

"ಅದನ್ನ ನಾ ಅಂದದ್ದು," ಎಂದು ಕೊಟ್ರಪ್ಪನವರು ಅವನ ಬೆನ್ನು ಚಪ್ಪರಿಸಿದರು. "ನನ್ನ ಕಟ್ಟಿ ಮ್ಯಾಲ ಎಲ್ಲಾರೂ ಬೇಕಂತ ಸೋತದ್ದು ನನಗೇನು ಗೊತ್ತಿಲ್ಲೇನು? ಇವತ್ತು ಒಬ್ರು ಸಿಕ್ರು. ನಿಶ್ಚಯದ ದಿನ ಉಂಗುರ ಆದ ಮ್ಯಾಲ ಮಂದಿ ಮುಂದ ಇನ್ನೊಂದು ಆಟ ಹಾಕೂಣು. ಕರಿ ಒಂದ್ಸಲ ನೀವು ಆಡೀರಿ. ಈ ಸಲ ಬಿಳಿ ನಿಮಗ. ಅದ ನ್ಯಾಯ."

ಭವಾನಿ ಕಣ್ಣೊರೆಸಿಕೊಂಡು ನಕ್ಕಳು. ಲಲಿತಾ ನಕ್ಕಳು. ಪ್ರಭುರಾಜ ನನ್ನ ತೋಳು ಹಿಡಿದ. ಆ ಹಿಡಿತದ ಗುರುತು ಇನ್ನೂ ಇದೆ.

ಮುಂದಿನ ಸುತ್ತಿನಿಂದ ಪ್ರಭುರಾಜನ ಹೆಸರು ತೆಗೆಸಿ ವಾಪಸು ಬರುವಾಗ ಹಂಪವ್ವ ಗಾಡಿಯನ್ನು ಹುಲಿಗಿಗೆ ಹೊರಳಿಸಿದಳು. ಬೇಡವೆನ್ನುವ ಧೈರ್ಯ ಹುಲಿಗೆಪ್ಪನಿಗೂ ಇರಲಿಲ್ಲ. ಅವಳು ಒಳಗೆ ಉಡಿ ತುಂಬುತ್ತಿದ್ದಳು. ಪ್ರಭುರಾಜ ಹೊರಗೆ ಕಲ್ಲಿನ ಮೇಲೆ ಬೋರಲು ಬಿದ್ದು ದೀಡ ನಮಸ್ಕಾರ ಹಾಕುತ್ತಿದ್ದ. ಏಳುವುದು, ಬೀಳುವುದು, ಬಿದ್ದಾಗಲೆಲ್ಲ ತಾಯಿಗೆ ಏನೋ ಹೇಳುವುದು. ಮುಂದಿನ ಆಟಕ್ಕೂ ಕರಿಯೇ ಬರಲಿ ಎಂದು ಬೇಡುತ್ತಿದ್ದನೆಂದು ನನಗೊಬ್ಬನಿಗೇ ಗೊತ್ತು.

ಹಂಪವ್ವ ಕುಂಕುಮ ಹಚ್ಚಿಕೊಂಡು ಹೊರಗೆ ಬಂದು ತಮ್ಮನ ಪಕ್ಕ ನಿಂತಳು.

"ಹೇಳಿದ್ದಿಲ್ಲೇನು ಪ್ರಭು, ಆಕಿ ನನ್ನ ಮಾತು ತೆಗಿಯಂಗಿಲ್ಲ ಅಂತ? ಬಿಳಿ ಕೇಳಿದ್ದೆ, ಕೊಟ್ಟಾಳ. ಯಾವ ಆಟಕ್ಕ ಅಂತ ನಾ ಬಿಡಿಸಿ ಹೇಳಿರಲಿಲ್ಲ, ಅಷ್ಟ."

ಪ್ರಭುರಾಜ ಆ ಸಲ ಬಿದ್ದವನು ಬೇಗ ಏಳಲಿಲ್ಲ.